ಮೊದಲ ಹಾಯಿದೋಣಿ ಮತ್ತು ಜೂನ್ ತಿಂಗಳ ಪ್ರಶ್ನೆ

ಮುಂಬಯಿಯಲ್ಲಿ ಸ್ವಂತದ್ದೊಂದು ಹಾಯಿದೋಣಿ ಇಟ್ಟುಕೊಳ್ಳುವ ಆಸೆ ಹತ್ತಿದವರು ಮೊದಲು ವಿಚಾರಿಸುವುದು ಉದ್ದ ಎಷ್ಟು, ಒಳಗೆ ಎಷ್ಟು ಮಂದಿ ಮಲಗಬಹುದು, ಚಹಾ ಕಾಯಿಸಲು ಒಲೆ ಇದೆಯೇ ಎಂದು. ಮಳೆಗಾಲದ ನಾಲ್ಕು ತಿಂಗಳು ಅದನ್ನು ಎಲ್ಲಿಡುವುದು ಎಂದು ಕೇಳುವವರು ಕಡಿಮೆ. ಈ ಊರಿನಲ್ಲಿ ಯಾವ ದೋಣಿ ಅಗ್ಗ, ಯಾವುದು ದುಬಾರಿ ಎಂಬುದು ಕೊನೆಗೆ ತೀರ್ಮಾನವಾಗುವುದು ಆ ನಾಲ್ಕು ತಿಂಗಳ ಲೆಕ್ಕದಲ್ಲೇ.

ಮುಂಗಾರು ಮುಂಬಯಿ ಮುಟ್ಟುವ ವಾಡಿಕೆಯ ದಿನ ಜೂನ್ 11. ಅದಕ್ಕೂ ಮೊದಲೇ, ಜೂನ್ 1ರಿಂದ ಜುಲೈ 31ರವರೆಗೆ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಬಿದ್ದಿರುತ್ತದೆ. ಕೋಲಿ ಮೀನುಗಾರರು ನಾರಳಿ ಪೂರ್ಣಿಮೆಯಂದು, ಅಂದರೆ ಕನ್ನಡಿಗರ ನೂಲ ಹುಣ್ಣಿಮೆಯಂದು, ಕಡಲಿಗೆ ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಹೊಸ ಋತು ಶುರುವಾಯಿತೆಂದು ಲೆಕ್ಕ. ಹಾಯಿದೋಣಿಯವರಿಗೆ ಅದೂ ಬೇಗ. ಅವರ ಋತು ಅಕ್ಟೋಬರಿನಿಂದ ಮೇವರೆಗೆ. ಗೇಟ್‌ವೇ ಆಫ್ ಇಂಡಿಯಾದ ಎದುರು ಚಳಿಗಾಲವಿಡೀ ತೇಲುಗುಂಡಿಗೆ ಕಟ್ಟಿ ನಿಂತ ದೋಣಿಗಳು ಮೇ ಮುಗಿಯುವುದರೊಳಗೆ ಒಂದೊಂದಾಗಿ ನೀರಿನಿಂದ ಮೇಲೇರಬೇಕು. ಜುಲೈಯಲ್ಲಿ ಅದೇ ಜಾಗದಲ್ಲಿ ಅಲೆಗಳು ಕಟ್ಟೆ ಹಾರಿ ರಸ್ತೆಗೆ ಬೀಳುವುದನ್ನು ಕಂಡವರಿಗೆ ಕಾರಣ ವಿವರಿಸಬೇಕಿಲ್ಲ.

ಹೀಗೆ ಮುಂಬಯಿಯ ಹಾಯಿದೋಣಿ ವರ್ಷದ ಮೂರರಲ್ಲಿ ಒಂದು ಪಾಲು ನೆಲದ ಮೇಲೆ ಬದುಕುತ್ತದೆ. ನಾಲ್ಕೈದು ಟನ್ ತೂಗುವ ಮೂವತ್ತು ಅಡಿಯ ದೋಣಿಯನ್ನು ಎತ್ತಲು ಕ್ರೇನ್ ಬೇಕು, ನಿಲ್ಲಿಸಲು ಕಬ್ಬಿಣದ ತೊಟ್ಟಿಲು ಬೇಕು, ಅದಕ್ಕೆ ಜಾಗ ಬೇಕು, ಜಾಗಕ್ಕೆ ಬಾಡಿಗೆ ಬೇಕು. ಜಾಗದ ಬೆಲೆ ಎಷ್ಟೆಂದು ಮುಂಬಯಿಯವರಿಗೆ ಹೇಳಿಕೊಡುವುದು ಅಧಿಕಪ್ರಸಂಗ. ಒಂದು ಟನ್ನಿನೊಳಗಿನ ದೋಣಿಯಾದರೆ ಟ್ರೇಲರ್ ಮೇಲೆ ಕೂರಿಸಿ ಜೀಪಿಗೆ ಕಟ್ಟಿ ಎಳೆದೊಯ್ದು ಅಲಿಬಾಗ್ ಕಡೆಯ ಯಾವುದಾದರೂ ತೆಂಗಿನ ತೋಟದಲ್ಲಿ ಟಾರ್ಪಾಲು ಹೊದಿಸಿ ಇಡಬಹುದು. ಉಡುಪಿ, ಮಲ್ಪೆ ಕಡೆಯ ನಾಡದೋಣಿ ಇಷ್ಟು ಕಾಲ ಬಾಳಿ ಬಂದಿರುವುದಕ್ಕೂ ಇದೊಂದು ಕಾರಣ: ಕೈಗೆ ಸಿಕ್ಕಷ್ಟು ಜನ ಸೇರಿ ಮರಳಿಗೆ ಎಳೆದು ಹಾಕಬಹುದು.

ಆದ್ದರಿಂದ ಈ ಲೇಖನದ ವಾದ ಇಷ್ಟು. ಮುಂಬಯಿಯಿಂದ ಕೊಂಕಣ ಕರಾವಳಿಗುಂಟ ತಿರುಗಾಡಲು ಮೊದಲ ದೋಣಿ ಹದಿನೆಂಟರಿಂದ ಇಪ್ಪತ್ತೆರಡು ಅಡಿಯೊಳಗಿರಲಿ, ಅದರ ಕೀಲ್, ಅಂದರೆ ದೋಣಿ ಅಡ್ಡಕ್ಕೆ ಜಾರದಂತೆ ತಳದಿಂದ ನೀರಿಗಿಳಿಯುವ ರೆಕ್ಕೆ, ಮೇಲೆತ್ತುವಂಥದ್ದೋ ಜೋಡಿಯದೋ ಆಗಿರಲಿ, ದೋಣಿ ಹಳೆಯದಾಗಿರಲಿ, ಆದರೆ ಒಬ್ಬರದ್ದೇ ಆಗಿರುವುದು ಬೇಡ.

ಹಾಯಿದೋಣಿ ಎಂದರೆ ಸಿರಿವಂತರ ಶೋಕಿ ಎಂಬ ಭಾವನೆ ಈ ಊರಿನಲ್ಲಿ ಬೇರೂರಲು ಚರಿತ್ರೆಯೇ ಕಾರಣ. ಅಪೊಲೊ ಬಂದರಿನ ರಾಯಲ್ ಬಾಂಬೆ ಯಾಟ್ ಕ್ಲಬ್ ಸ್ಥಾಪನೆಯಾದದ್ದು 1846ರಲ್ಲಿ; ಅದರ ಹಳೆಯ ಕಟ್ಟಡದಲ್ಲಿ ಈಗ ಅಣುಶಕ್ತಿ ಇಲಾಖೆಯ ಕಚೇರಿ ಇದೆ. 1982ರ ಏಷ್ಯನ್ ಕ್ರೀಡಾಕೂಟ ದಿಲ್ಲಿಯದಾದರೂ ಹಾಯಿದೋಣಿ ಸ್ಪರ್ಧೆಗಳು ನಡೆದದ್ದು ಮುಂಬಯಿಯಲ್ಲಿ, ಫೈರ್‌ಬಾಲ್ ವಿಭಾಗದ ಚಿನ್ನ ಗೆದ್ದವರು ಫಾರೂಖ್ ತಾರಾಪೋರ್ ಮತ್ತು ಝರೀರ್ ಕರಂಜಿಯಾ. ಇವೆಲ್ಲ ಕ್ಲಬ್ ಮತ್ತು ನೌಕಾಪಡೆಯ ಲೋಕದ ಸಂಗತಿಗಳು. 1902ರಿಂದ ಈ ಊರಿನಲ್ಲಿ ನಮ್ಮ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿಯೂ ಇದೆ. ಕಡಲನ್ನು ಅಂಗೈಯಂತೆ ಬಲ್ಲ ಮನೆತನಗಳ ಮಕ್ಕಳು ಕೋಟೆ ಪ್ರದೇಶದ ಕಚೇರಿ, ಬ್ಯಾಂಕು, ಹೋಟೆಲುಗಳಲ್ಲಿ ದುಡಿದರು. ಅವರಿಗೂ ಗೇಟ್‌ವೇ ಎದುರಿನ ಬಿಳಿ ಹಾಯಿಗೂ ಸಂಬಂಧ ಕುದುರಲಿಲ್ಲ.

ಸರ್ಕಾರದ ಕಣ್ಣಿಗೂ ಹಾಯಿದೋಣಿ ಶೋಕಿಯೇ. 2025ರ ಸೆಪ್ಟೆಂಬರ್ 22ರಿಂದ ಮನರಂಜನೆ ಮತ್ತು ಕ್ರೀಡೆಯ ದೋಣಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 40ಕ್ಕೆ ಏರಿತು. ಕೋಟಿಗಟ್ಟಲೆ ಬೆಲೆಯ, ಹವಾನಿಯಂತ್ರಿತ ಮೋಟಾರು ಯಾಟ್ ಕುಳಿತ ಸಾಲಿನಲ್ಲೇ ಹದಿನೆಂಟು ಅಡಿಯ ಹಾಯಿದೋಣಿಯನ್ನೂ ಕೂರಿಸಿದ್ದಾರೆ. ಹೊಸ ದೋಣಿಯ ಬೆಲೆ ಎಷ್ಟೇ ಇರಲಿ, ಅದರ ಮೇಲೆ ಐದರಲ್ಲಿ ಎರಡು ಪಾಲಿನಷ್ಟು ತೆರಿಗೆ ಸೇರುತ್ತದೆ. ಖಾಸಗಿ ವ್ಯಕ್ತಿಯೊಬ್ಬ ತಾನು ಬಳಸಿದ ದೋಣಿಯನ್ನು ಇನ್ನೊಬ್ಬನಿಗೆ ಮಾರಿದರೆ ಅದು ವ್ಯಾಪಾರದ ಲೆಕ್ಕಕ್ಕೆ ಬಾರದೆ ಈ ತೆರಿಗೆಯಿಂದ ಪಾರಾಗುತ್ತದೆ. ಹಳೆಯ ದೋಣಿಯ ಪರವಾದ ವಾದಗಳಲ್ಲಿ ಇಷ್ಟು ಗಟ್ಟಿಯಾದದ್ದು ಮತ್ತೊಂದಿಲ್ಲ.

ಇನ್ನು ದಾರಿಯ ಮಾತು. ನಕ್ಷೆ ಬಿಡಿಸಿದರೆ ಕೊಂಕಣ ಕರಾವಳಿ ಚಿಕ್ಕ ದೋಣಿಗೆಂದೇ ಗೆರೆ ಎಳೆದಂತಿದೆ. ಗೇಟ್‌ವೇಯಿಂದ ಮಾಂಡವಾಕ್ಕೆ ಸುಮಾರು 8 ನಾಟಿಕಲ್ ಮೈಲು, ಖಾಂದೇರಿ ದ್ವೀಪಕ್ಕೆ 13, ರೇವ್‌ದಂಡಾದ ಅಳಿವೆಗೆ 23ರ ಆಸುಪಾಸು, ಮುರುಡ್-ಜಂಜಿರಾಕ್ಕೆ 40ರ ಹತ್ತಿರ. ಅಲ್ಲಿಂದ ಮುಂದೆ ಬಾಣಕೋಟ್, ದಾಭೋಳ್, ಜಯಗಡ, ರತ್ನಾಗಿರಿ, ವಿಜಯದುರ್ಗ, ದೇವಗಡ, ಮಾಲವಣ್. ಒಂದರಿಂದ ಇನ್ನೊಂದಕ್ಕೆ ಹತ್ತರಿಂದ ಇಪ್ಪತ್ತೈದು ಮೈಲಿಗಿಂತ ಹೆಚ್ಚಿಲ್ಲ. ನೀರಿಗೆ ತಾಗುವ ಉದ್ದ 16 ಅಡಿ ಇರುವ ದೋಣಿಯ ವೇಗದ ಮಿತಿ 5.4 ನಾಟ್, ಅಂದರೆ ಗಂಟೆಗೆ ಅಷ್ಟು ನಾಟಿಕಲ್ ಮೈಲು. ಸರಾಸರಿ ನಾಲ್ಕು ಎಂದಿಟ್ಟುಕೊಂಡರೂ ಬೆಳಿಗ್ಗೆ ಹೊರಟವರು ಬೆಳಕಿರುವಾಗಲೇ ಮುಂದಿನ ಅಳಿವೆ ಸೇರಬಹುದು. ರಾತ್ರಿ ಓಡಿಸುವ ಅಗತ್ಯವಿಲ್ಲ ಎಂದಾದರೆ ಮಲಗುವ ಕೋಣೆ, ದೊಡ್ಡ ಬ್ಯಾಟರಿ, ರೇಡಾರ್‌ಗಳಿಗೆ ಸುರಿಯುವ ಹಣ ಉಳಿಯಿತು. ಕಾರವಾರದವರೆಗಿನ ಇಡೀ ದಾರಿ ನೇರ ಲೆಕ್ಕದಲ್ಲಿ 260 ಮೈಲಿನ ಆಸುಪಾಸು. ಅದನ್ನು ಒಂದೇ ಉಸಿರಿಗೆ ಮುಗಿಸಬೇಕೆಂದು ಯಾರೂ ಹರಕೆ ಹೊತ್ತಿಲ್ಲ.

ದಕ್ಷಿಣಕ್ಕೆ ಹೋಗುವುದು ಸುಲಭ, ಮರಳುವುದು ಕಷ್ಟ. ಚಳಿಗಾಲದಿಂದ ಮೇವರೆಗೆ ಇಲ್ಲಿ ಬೆಳಗಿನ ಜಾವ ನೆಲಗಾಳಿ ಮೆಲ್ಲಗೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಮಾರ್ಚ್ ನಂತರ ಜೋರಾಗಿಯೇ. ಈ ಗಾಳಿಯ ಬಿಸಿ ಶಿವಾಜಿಗೂ ತಟ್ಟಿದೆ. 1665ರ ಫೆಬ್ರವರಿಯಲ್ಲಿ ಮಾಲವಣದಿಂದ ಹಾಯಿ ಬಿಚ್ಚಿದ ಅವನ ನೌಕಾಪಡೆ ಕುಂದಾಪುರದ ಹತ್ತಿರದ ಬಸರೂರನ್ನು ಕೊಳ್ಳೆಹೊಡೆಯಿತು. ಹೋಗುವಾಗ ಸಲೀಸು. ಮರಳುವಾಗ ಆ ಋತುವಿನ ವಾಯವ್ಯ ಗಾಳಿ ಎದುರಾಗಿ ಎಷ್ಟೋ ದಿನ ತಡೆದು ನಿಲ್ಲಿಸಿತೆಂದೂ ಕಡಲ ವಾಂತಿಯಿಂದ ಶಿವಾಜಿ ಬಳಲಿದನೆಂದೂ ಮರಾಠರ ಚರಿತ್ರೆ ಬರೆದ ಗ್ರಾಂಟ್ ಡಫ್ ಹೇಳುತ್ತಾನೆ. ಮೂರೂವರೆ ಶತಮಾನದಲ್ಲಿ ಗಾಳಿಯ ಅಭ್ಯಾಸ ಬದಲಾಗಿಲ್ಲ.

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತ ಮುಂದೊತ್ತಬೇಕು. ರೇವ್‌ದಂಡಾದಿಂದ ಮನೆಗೆ 23 ಮೈಲಿಯಾದರೆ ಎದುರುಗಾಳಿಯಲ್ಲಿ ಅದು 32 ಮೈಲಿಯಾಗುತ್ತದೆ. ನಾಲ್ಕು ನಾಟ್ ವೇಗದಲ್ಲಿ ಎಂಟು ಗಂಟೆ. ದೋಣಿ ಅಡ್ಡಕ್ಕೆ ಜಾರುವ ಜಾತಿಯದಾದರೆ ಎಂಟು ಹನ್ನೆರಡಾಗಬಹುದು. ಹೀಗಾಗಿ ‘ಗಾಳಿಗೆ ಎದುರಾಗಿ ಎಷ್ಟು ಚೆನ್ನಾಗಿ ಏರುತ್ತದೆ’ ಎಂಬುದು ಮುಂಬಯಿಯ ಕೊಳ್ಳುಗರು ಕೇಳಬೇಕಾದ ಎರಡನೆಯ ಪ್ರಶ್ನೆ. ಕೋಲೀವಾಡದಲ್ಲಿ ಅಗ್ಗಕ್ಕೆ ಸಿಗುವ ಫೈಬರ್ ಮೀನುದೋಣಿಗೆ ಹಾಯಿಕಂಬ ನೆಟ್ಟರಾಯಿತು ಎನ್ನುವವರಿಗೆ ಉತ್ತರವೂ ಇಲ್ಲಿದೆ. ಆ ದೋಣಿ ಗಟ್ಟಿಮುಟ್ಟಾದದ್ದೇ, ಎಂಜಿನ್ನಿಗೆ ಹೇಳಿ ಮಾಡಿಸಿದ್ದೇ. ಆದರೆ ಅಡಿಯಲ್ಲಿ ಕೀಲ್ ಇಲ್ಲದೆ ಹಾಯಿ ಕಟ್ಟಿದರೆ ಅದು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತದೆ.

ಕೀಲ್ ಬೇಕು, ಆದರೆ ಆಳ ಬೇಡ. ಇಲ್ಲಿನ ಪೇಚು ಇದು. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಮುತ್ತ ಮುಂಬಯಿಯ ಉಬ್ಬರ ಇಳಿತಗಳ ನಡುವೆ ನಾಲ್ಕು ಮೀಟರಿನಷ್ಟು ಅಂತರ ಬೀಳುತ್ತದೆ. ಒಂದೂವರೆ ಮೀಟರಿನ ಆಸುಪಾಸಿಗೆ ಒಗ್ಗಿದ ಮಂಗಳೂರಿನವರಿಗೆ ಇದು ಬೇರೆಯೇ ಕಡಲು. ಅಲಿಬಾಗಿನ ಕುಲಾಬಾ ಕೋಟೆಗೆ ಇಳಿತದಲ್ಲಿ ಜನ ನಡೆದು ಹೋಗುತ್ತಾರೆ, ಉಬ್ಬರದಲ್ಲಿ ಅಲ್ಲೇ ದೋಣಿ ಓಡುತ್ತದೆ. ಕೊಂಕಣದ ಅಳಿವೆಗಳ ಬಾಯಲ್ಲಿ ಮರಳದಿಬ್ಬ, ಒಳಗೆ ಕೆಸರು. ಆರೇಳು ಅಡಿ ಆಳಕ್ಕೆ ಇಳಿಯುವ ಕೀಲಿನ ದೋಣಿ ಇಳಿತದಲ್ಲಿ ಹೊರಗೇ ಕಾಯಬೇಕು, ಇಲ್ಲವೆ ಒಳಗೆ ಸಿಕ್ಕಿಕೊಂಡು ಪಕ್ಕಕ್ಕೆ ವಾಲಬೇಕು.

ಆಳವಿಲ್ಲದ ದೋಣಿಯ ಬೆಲೆ ಇದೇ ನೀರಿನಲ್ಲಿ ಒಮ್ಮೆ ಸಾಬೀತಾಗಿದೆ. 1679ರಲ್ಲಿ ಶಿವಾಜಿಯ ಜನ ಖಾಂದೇರಿಯಲ್ಲಿ ಕೋಟೆ ಕಟ್ಟಲು ತೊಡಗಿದಾಗ ಮುಂಬಯಿಯ ಇಂಗ್ಲಿಷರು ‘ರಿವೆಂಜ್’ ಮುಂತಾದ ಹಡಗು ಕಳಿಸಿ ದ್ವೀಪವನ್ನು ಸುತ್ತುಗಟ್ಟಿದರು. ಎದುರಿನ ಥಳ್ ತೀರದಿಂದ ಮರಾಠರ ಸಣ್ಣ ದೋಣಿಗಳು ಆಹಾರ, ಸಾಮಾನು ಹೊತ್ತು ರಾತ್ರಿ ಹಗಲು ನುಸುಳುತ್ತಲೇ ಇದ್ದವು; ಬೆನ್ನಟ್ಟಿದರೆ ದೊಡ್ಡ ಹಡಗು ಬರಲಾಗದ ತೆಳುನೀರಿಗೆ ಓಡುತ್ತಿದ್ದವು. ಕೋಟೆ ಎದ್ದು ನಿಂತಿತು. ಇಂದಿಗೂ ಇದೆ.

ಇಂದಿನ ಕೊಳ್ಳುಗರಿಗೆ ಇರುವ ದಾರಿ ಎರಡು. ಮೊದಲನೆಯದು ಮೇಲಕ್ಕೆತ್ತುವ ಕೀಲ್: ಕಡಲಲ್ಲಿ ಇಳಿಸಿದರೆ ಗಾಳಿಗೆ ಎದುರೇರುತ್ತದೆ, ಅಳಿವೆಯಲ್ಲಿ ಎತ್ತಿದರೆ ಮೊಣಕಾಲುದ್ದದ ನೀರು ಸಾಕು, ಟ್ರೇಲರ್ ಮೇಲೂ ಸುಲಭವಾಗಿ ಕೂರುತ್ತದೆ. ಅದರ ದೌರ್ಬಲ್ಯ ಎತ್ತುವ ತಂತಿ ಮತ್ತು ತಿರುಗಣಿ. ಉಪ್ಪುನೀರು ಅವೆರಡನ್ನೂ ತಿನ್ನುತ್ತದೆ. ಎರಡನೆಯದು ಜೋಡಿ ಕೀಲ್. ಎರಡು ಗಿಡ್ಡ ಕಾಲುಗಳ ಮೇಲೆ ದೋಣಿ ಇಳಿತದಲ್ಲಿ ಕೆಸರಿನ ಮೇಲೆ ನೆಟ್ಟಗೆ ನಿಲ್ಲುತ್ತದೆ. ತಳಕ್ಕೆ ಅಂಟಿದ ಬಾರ್ನಕಲ್ ಕೆರೆಯಲು ಕ್ರೇನ್ ಬೇಡ, ಆರು ಗಂಟೆಯ ಇಳಿತ ಸಾಕು. ಎದುರುಗಾಳಿಯಲ್ಲಿ ತುಸು ಮಂದ. ಕೈಯಲ್ಲಿ ರಿಪೇರಿ ಮಾಡಿಕೊಳ್ಳುವ ಹುಮ್ಮಸ್ಸಿದ್ದವರಿಗೆ ಮೊದಲನೆಯದು, ವರ್ಷಕ್ಕೊಮ್ಮೆ ಬಣ್ಣ ಬಳಿದು ಮರೆಯುವವರಿಗೆ ಎರಡನೆಯದು ಒಗ್ಗುತ್ತದೆ.

ಚಿಕ್ಕ ದೋಣಿ ಅಪಾಯ, ದೊಡ್ಡದೇ ಸುರಕ್ಷಿತ ಎನ್ನುವ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಅಲೆ ಎದ್ದಾಗ ಭಾರದ ದೋಣಿ ಕಡಿಮೆ ಕುಲುಕುತ್ತದೆ, ನಿಜ. ಆದರೆ ಉದ್ದ ಇಪ್ಪತ್ತರಿಂದ ಮೂವತ್ತು ಅಡಿಗೆ, ಅಂದರೆ ಒಂದೂವರೆ ಪಟ್ಟು ಆದರೆ ಹಾಯಿಯ ವಿಸ್ತಾರ ಎರಡೂಕಾಲು ಪಟ್ಟು, ತೂಕ ಮೂರು ಪಟ್ಟಿಗೂ ಹೆಚ್ಚು. ಹಗ್ಗ, ಲಂಗರು, ಎಂಜಿನ್, ಬಣ್ಣ ಎಲ್ಲವೂ ಉದ್ದವನ್ನು ಬಿಟ್ಟು ತೂಕದ ಲೆಕ್ಕದಲ್ಲಿ ಹಣ ಕೇಳುತ್ತವೆ. ಆ ಹಣ ಇಲ್ಲದವನು ದೊಡ್ಡ ದೋಣಿ ಕೊಂಡರೆ ಹಳೆಯ ತಂತಿ, ಸವೆದ ಹಾಯಿಗಳಲ್ಲೇ ಕಡಲಿಗಿಳಿಯುತ್ತಾನೆ. ಗಾತ್ರವೊಂದೇ ಕಾಯುವುದಿಲ್ಲ ಎಂಬುದಕ್ಕೆ ಮುಂಬಯಿಯ ಅತಿ ದೊಡ್ಡ ನೌಕಾ ದುರಂತಗಳಲ್ಲೊಂದು ಸಾಕ್ಷಿ: 1947ರ ಜುಲೈ 17ರಂದು ಭಾವುಚಾ ಧಕ್ಕೆಯಿಂದ ರೇವಸಿಗೆ ಹೊರಟ ‘ರಾಮದಾಸ್’ ಉಗಿಹಡಗು ಮಳೆಗಾಲದ ಅಲೆಗೆ ಮಗುಚಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ಅಂದು ಹೊರಡದಿದ್ದರೆ ಎಲ್ಲರೂ ಉಳಿಯುತ್ತಿದ್ದರು.

ಚಿಕ್ಕ ದೋಣಿಗಳ ಸಾಧನೆಯ ಪಟ್ಟಿ ಉದ್ದವಿದೆ. ಇಂಗ್ಲೆಂಡಿನ ಶೇನ್ ಆಕ್ಟನ್ ಹದಿನೆಂಟು ಅಡಿಯ, ಪ್ಲೈವುಡ್ಡಿನ, ಜೋಡಿ ಕೀಲಿನ ‘ಶ್ರಿಂಪಿ’ಯಲ್ಲಿ 1972ರಲ್ಲಿ ಹೊರಟು 1980ರಲ್ಲಿ ಜಗತ್ತು ಸುತ್ತಿ ಬಂದ. ಫ್ರಾಂಕ್ ಡೈ ಹದಿನಾರು ಅಡಿಯೂ ತುಂಬದ, ಮೇಲ್ಛಾವಣಿಯಿಲ್ಲದ ವೇಫೇರರ್ ದೋಣಿಯಲ್ಲಿ ಸ್ಕಾಟ್ಲೆಂಡಿನಿಂದ ಐಸ್‌ಲೆಂಡ್ ತಲುಪಿದ. ಇವರನ್ನು ಅನುಕರಿಸಬೇಕಿಲ್ಲ, ಮಾಂಡವಾಕ್ಕೆ ಹೋಗಿ ಬಂದರೆ ಸಾಕು. ಭಾರತೀಯ ಓದುಗರ ಕಣ್ಣಲ್ಲಿ ನಿಂತಿರುವುದು ಬೇರೆ ಚಿತ್ರ. ದಿಲೀಪ್ ದೊಂದೆ 2009-10ರಲ್ಲಿ, ಅಭಿಲಾಷ್ ಟಾಮಿ 2012-13ರಲ್ಲಿ ಮುಂಬಯಿಯಿಂದಲೇ ಹೊರಟು ಒಂಟಿಯಾಗಿ ಭೂಮಿ ಸುತ್ತಿದ ‘ಮ್ಹಾದೇಯಿ’ ಐವತ್ತಾರು ಅಡಿಯದು. ಕನ್ನಡಿಗರಿಗೆ ನೀರಿನ ವ್ಯಾಜ್ಯದಿಂದ ಪರಿಚಿತವಾದ ಮಹದಾಯಿ ನದಿಯ ಹೆಸರೇ ಅದಕ್ಕಿದೆ. ಅದರ ಹಿಂದೆ ನೌಕಾಪಡೆ ನಿಂತಿತ್ತು. ಸಂಬಳದಲ್ಲಿ ದೋಣಿ ಕೊಳ್ಳುವವನ ಹಿಂದೆ ನಿಂತಿರುವುದು ಗೃಹಸಾಲ.

ಆದರೆ ಸಂಬಳದಲ್ಲಿ ದೋಣಿ ಮಾಡಿಕೊಂಡ ಒಂದು ಕಥೆ ಮುಂಬಯಿಯಲ್ಲೇ ನಡೆದಿದೆ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಯ ಹಡಗುಗಳಲ್ಲಿ ಅಧಿಕಾರಿಯಾಗಿದ್ದ ರಾಬಿನ್ ನಾಕ್ಸ್-ಜಾನ್‌ಸ್ಟನ್, ಸಹೋದ್ಯೋಗಿಗಳೊಡನೆ ಪಾಲು ಹಾಕಿ ಒಂದು ದೋಣಿ ಕಟ್ಟಿಸಲು ಹೊರಟರು. ಇಂಗ್ಲೆಂಡಿಗೆ ಬರೆದು ತರಿಸಲು ನೋಡಿದ್ದು ಒಂದು ನಕ್ಷೆ, ಬಂದದ್ದು ಇನ್ನೊಂದು: ವಿಲಿಯಂ ಆಟ್ಕಿನ್ ರಚಿಸಿದ ‘ಎರಿಕ್’ ಎಂಬ ಹಳೆಯ ಮಾದರಿ. ವಾಪಸು ಬರೆದು ಕಾಯುವಷ್ಟು ಸಮಯವಿರಲಿಲ್ಲ. ಅದನ್ನೇ ಕಟ್ಟಿಸಿದರು. ಕೊಲಾಬಾದ ಬಡಗಿಗಳು ಬಾಚಿ, ಕೈ ಬೈರಿಗೆ ಹಿಡಿದು ತೇಗದಲ್ಲಿ ಕಟ್ಟಿದ ಆ ಮೂವತ್ತೆರಡು ಅಡಿಯ ದೋಣಿ 1964ರ ಡಿಸೆಂಬರಿನಲ್ಲಿ ನೀರಿಗಿಳಿಯಿತು. ಹೆಸರು ‘ಸುಹೈಲಿ’. ಜೊತೆಗಾರರು ಹಿಂದೆ ಸರಿದಾಗ ಅವರ ಪಾಲನ್ನೂ ರಾಬಿನ್ ಕೊಂಡುಕೊಳ್ಳಬೇಕಾಯಿತು. ಮರುವರ್ಷ ಚಳಿಗಾಲದಲ್ಲಿ ತಮ್ಮ ಕ್ರಿಸ್ ಮತ್ತು ಒಬ್ಬ ಗೆಳೆಯನೊಡನೆ ಮುಂಬಯಿ ಬಿಟ್ಟು ಆಫ್ರಿಕಾ ಬಳಸಿ ಲಂಡನ್ ಸೇರಿದರು. 1968ರ ಜೂನ್ 14ರಂದು ಅದೇ ದೋಣಿಯಲ್ಲಿ ಇಂಗ್ಲೆಂಡಿನಿಂದ ಒಬ್ಬರೇ ಹೊರಟು 1969ರ ಏಪ್ರಿಲ್ 22ರಂದು ಮರಳಿದರು: ಎಲ್ಲೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲ ಮನುಷ್ಯ. ಗೋಲ್ಡನ್ ಗ್ಲೋಬ್ ಎಂಬ ಆ ಪಂದ್ಯಕ್ಕೆ ಹೊರಟ ಒಂಬತ್ತು ಮಂದಿಯಲ್ಲಿ ಮುಗಿಸಿದವರು ಅವರೊಬ್ಬರೇ. ಸುಹೈಲಿಗಿಂತ ವೇಗದ ದೋಣಿಗಳು ಪಂದ್ಯದಲ್ಲಿ ಬೇಕಾದಷ್ಟಿದ್ದವು.

ಈ ಕಥೆ ಕೇಳಿ ತಾನೂ ತೇಗದ ದೋಣಿ ಕಟ್ಟಿಸುತ್ತೇನೆ ಎನ್ನುವವರು ಸಿಗುತ್ತಾರೆ. ಅದು ತಪ್ಪು ಪಾಠ. ಅಂದು ತೇಗ, ಬಡಗಿ, ಕೂಲಿ ಮೂರೂ ಇಲ್ಲಿ ಎಟುಕುತ್ತಿದ್ದವು. ಸುಹೈಲಿ ಹುಟ್ಟಿದ್ದು ಆ ಲೆಕ್ಕದಲ್ಲಿ. ಹಲಗೆಗಳ ಸಂದಿಗೆ ಹತ್ತಿ ತುಂಬಿದ್ದು ಸಡಿಲಾಗಿ ಆ ದೋಣಿಯೂ ಸೋರಿತು, ನಡುಗಡಲಲ್ಲಿ ರಾಬಿನ್ ನೀರಿಗಿಳಿದು ಸಂದಿ ಮುಚ್ಚಿದರು. ಇಂದು ಈ ಊರಿನಲ್ಲಿ ಎಟುಕುವುದು ಫೈಬರ್‌ಗ್ಲಾಸ್, ಅದೂ ಇನ್ನೊಬ್ಬರು ಬಳಸಿ ಬಿಟ್ಟದ್ದು. ಪಾಲುದಾರಿಕೆಯ ಪಾಠ ಮಾತ್ರ ಅಂದಿನಷ್ಟೇ ಗಟ್ಟಿ; ಜೊತೆಗಾರ ಹಿಂದೆ ಸರಿದರೆ ಅವನ ಪಾಲಿನ ಬೆಲೆ ಕಟ್ಟುವುದು ಹೇಗೆಂದು ಮೊದಲೇ ಕಾಗದದಲ್ಲಿ ಬರೆದಿಡಬೇಕೆಂಬ ಪಾಠವೂ.

ಹಳೆಯ ಫೈಬರ್ ದೋಣಿ ನೋಡಲು ಹೋದವರು ಹೊಳಪಿಗೆ ಮರುಳಾಗದೆ ಮೊದಲು ಆಸನದ ಕೆಳಗಿನ ಗೂಡುಗಳ ಮುಚ್ಚಳ ತೆಗೆಯಲಿ. ಒಳಗೋಡೆಯಲ್ಲಿ ಕಂದು ಗೆರೆಯೊಂದು ಅಡ್ಡಕ್ಕೆ ಎಳೆದಿದ್ದರೆ ದೋಣಿ ಎಂದೋ ಅಷ್ಟು ಎತ್ತರಕ್ಕೆ ನೀರು ಕುಡಿದಿದೆ ಎಂದರ್ಥ. ಆಮೇಲೆ ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೇಲ್ಹಾಸನ್ನು ಗೇಣಿಗೊಂದರಂತೆ ತಟ್ಟುತ್ತ ಬರಬೇಕು. ಟಕ್ ಟಕ್ ಎಂದು ಚುರುಕಾಗಿ ಸದ್ದು ಬಂದರೆ ಸರಿ. ಹಾಯಿಕಂಬದ ಬುಡದಲ್ಲಿ, ಕಟಕಟೆಯ ಗೂಟಗಳ ಸುತ್ತ ದಬ್ ಎಂದು ಮಂಕಾದರೆ ಒಳಗಿನ ಮರದ ತಿರುಳು ಕೊಳೆತಿದೆ. ಹಾಯಿಯ ಹೊಲಿಗೆಯನ್ನು ಹೆಬ್ಬೆರಳ ಉಗುರಿನಿಂದ ಗೀರಿದಾಗ ದಾರ ಪುಡಿಯಾದರೆ ಬಿಸಿಲು ಅದನ್ನು ತಿಂದು ಮುಗಿಸಿದೆ. ಬಟ್ಟೆ ಎಷ್ಟೇ ಬೆಳ್ಳಗಿರಲಿ, ಮೊದಲ ಜೋರು ಗಾಳಿಗೆ ಹರಿಯುತ್ತದೆ. ಕಂಬವನ್ನು ಹಿಡಿದು ನಿಂತ ತಂತಿಗಳ ತುದಿಯಲ್ಲಿ ತುಕ್ಕಿನ ಕಣ್ಣೀರು ಇಳಿದಿದೆಯೇ, ಒಂದಾದರೂ ಎಳೆ ಬಿಚ್ಚಿದೆಯೇ ನೋಡಬೇಕು. ಹತ್ತು ಹದಿನೈದು ವರ್ಷ ದಾಟಿದ ತಂತಿಯನ್ನು ನೋಡದೆಯೇ ಬದಲಿಸುವುದು ಲೇಸು. ಕೀಲ್ ದೋಣಿಗೆ ಸೇರುವ ಜಾಗದಲ್ಲಿ ಕೂದಲೆಳೆಯ ಬಿರುಕನ್ನು ಬಣ್ಣ ಮುಚ್ಚಿರಬಹುದು. ಬಣ್ಣ ತೀರಾ ಹೊಸದಾಗಿದ್ದರೆ ಯಾಕೆಂದು ಕೇಳುವುದು ಅಸಭ್ಯವಲ್ಲ. ಹಿಂದಿನ ನಾಲ್ಕೈದು ಹಾರ್ಸ್‌ಪವರಿನ ಎಂಜಿನ್ ತಣ್ಣಗಿರುವಾಗಲೇ ಹಗ್ಗ ಎಳೆದು ಚಾಲೂ ಮಾಡಿಸಬೇಕು. ಮಾರುವವನು ನೀವು ಬರುವ ಮೊದಲೇ ಅದನ್ನು ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದು ಮೇಲು.

ಕಾಗದಪತ್ರಗಳು ದೋಣಿಯಷ್ಟೇ ಮುಖ್ಯ. ಮಾರಾಟದ ರಸೀದಿ, ನೋಂದಣಿ, ವಿದೇಶದಿಂದ ಬಂದದ್ದಾದರೆ ಸುಂಕ ಕಟ್ಟಿದ ದಾಖಲೆ, ಮೂರೂ ಬೇಕು. ‘ಕುಬೇರ್’ ಎಂಬ ಮೀನುದೋಣಿಯನ್ನು ಅಪಹರಿಸಿ ಬಂದ ದಾಳಿಕೋರರು 2008ರ ನವೆಂಬರ್ 26ರಂದು ರಬ್ಬರ್ ದೋಣಿಯಲ್ಲಿ ಕಫ್ ಪರೇಡಿನ ಮೀನುಗಾರರ ಕೇರಿಗೆ ಬಂದಿಳಿದಂದಿನಿಂದ ಈ ತೀರದಲ್ಲಿ ಗುರುತಿಲ್ಲದ ದೋಣಿಯನ್ನು ಯಾರೂ ಸುಮ್ಮನೆ ಬಿಡುವುದಿಲ್ಲ, ಬಿಡಲೂಬಾರದು. ಹೆಸರು, ಸಂಖ್ಯೆ ದೂರಕ್ಕೆ ಕಾಣುವಂತೆ ಬರೆಸಿ, ಯಾವ ಅಳಿವೆಗೆ ಹೋಗುತ್ತೇವೆಂದು ಮೊದಲೇ ತಿಳಿಸಿ ಹೊರಡುವುದು ಎಲ್ಲರಿಗೂ ನೆಮ್ಮದಿ.

ಬೆಲೆಗಿಂತ ಮುಂದಿನ ಖರ್ಚಿನ ಲೆಕ್ಕ ಇಡಬೇಕು. ದೋಣಿಯ ಬೆಲೆಯ ಹತ್ತರಲ್ಲೊಂದು ಪಾಲು ಪ್ರತಿವರ್ಷ ಅದಕ್ಕೇ ಹೋಗುತ್ತದೆ ಎಂಬುದು ದೋಣಿಯವರ ಬಾಯಿಲೆಕ್ಕ. ಹಳೆಯ ದೋಣಿಗೆ ಅದು ಸಾಲದು. ಕೊಂಡ ಹಣದ ಅರ್ಧದಷ್ಟನ್ನು ಮೊದಲ ವರ್ಷದ ರಿಪೇರಿಗೆ ಬೇರೆ ತೆಗೆದಿಡಲಾಗದಿದ್ದರೆ ಆ ದೋಣಿ ಆ ಜೇಬಿಗೆ ದೊಡ್ಡದು ಎಂದೇ ತಿಳಿಯಬೇಕು. ಲಂಗರಿನ ವಿಷಯದಲ್ಲಿ ಜಿಪುಣತನ ಕೂಡದು. ಇಳಿತದಲ್ಲಿ ಮೂರು ಮೀಟರ್ ನೀರಿರುವ ಕಡೆ ಉಬ್ಬರದಲ್ಲಿ ಏಳಾಗುತ್ತದೆ. ನೀರಿನಿಂದ ದೋಣಿಯ ಮೂತಿಯ ಎತ್ತರ ಒಂದು ಸೇರಿ ಎಂಟು. ಲಂಗರು ಹಿಡಿಯಲು ಅದರ ಐದು ಪಟ್ಟೆಂದರೂ ನಲವತ್ತು ಮೀಟರ್ ಹಗ್ಗ ಸರಪಳಿ ಬೇಕು, ಗಾಳಿ ಎದ್ದರೆ ಇನ್ನೂ ಹೆಚ್ಚು. ಇಪ್ಪತ್ತು ಮೀಟರ್ ಹಗ್ಗ ಕಟ್ಟಿಕೊಂಡು ಬಂದವರು ರಾತ್ರಿ ಎರಡು ಗಂಟೆಗೆ ಪಕ್ಕದ ಮೀನುದೋಣಿಯ ಮೇಲೆ ಹೋಗಿ ಬೀಳುತ್ತಾರೆ.

ಜೀವದ ಮಾತು ಚುಟುಕಾಗಿ. 2024ರ ಡಿಸೆಂಬರ್ 18ರಂದು ಎಲಿಫೆಂಟಾಕ್ಕೆ ಹೊರಟ ‘ನೀಲ್ ಕಮಲ್’ ದೋಣಿಗೆ ನೌಕಾಪಡೆಯ ವೇಗದೋಣಿ ಬಡಿದು ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತದ್ದು ಹಾಡಹಗಲಲ್ಲಿ, ಸಮತಟ್ಟಾದ ನೀರಿನಲ್ಲಿ. ಲೈಫ್ ಜಾಕೆಟ್ ಇರಬೇಕಾದದ್ದು ಮೈಮೇಲೆ, ಗೂಡಿನಲ್ಲಿಟ್ಟದ್ದು ಲೆಕ್ಕಕ್ಕಿಲ್ಲ. 16ನೆಯ ಚಾನೆಲ್ ಕೇಳುವ ವಿಎಚ್‌ಎಫ್ ರೇಡಿಯೋ ಬೇಕು, ಕರಾವಳಿ ಕಾವಲುಪಡೆಯ 1554 ಸಂಖ್ಯೆ ಬಾಯಿಪಾಠವಾಗಿರಬೇಕು. ಜವಾಹರಲಾಲ್ ನೆಹರು ಬಂದರಿಗೆ ಹೋಗುವ ಕಂಟೇನರ್ ಹಡಗುಗಳ ಕಾಲುವೆಯಲ್ಲಿ ಹಾಯಿದೋಣಿಗೆ ಮೊದಲ ಹಕ್ಕಿಲ್ಲ. ಕಡಲ ಸಂಚಾರದ ನಿಯಮವೇ ಹಾಗೆ ಹೇಳುತ್ತದೆ. ಕೋಲಿಗಳ ಬಲೆಯ ತೇಲುಗುಂಡು ಕಂಡರೆ ಸುತ್ತಿ ಹೋಗಬೇಕು. ಬಲೆ ಅವರ ಅನ್ನ.

ಇಷ್ಟೆಲ್ಲ ಓದಿದವರು ಕೊಳ್ಳದೆಯೂ ಶುರು ಮಾಡಬಹುದು. ಮುಂಬಯಿಯ ಕ್ಲಬ್ಬುಗಳ ವಾರಾಂತ್ಯದ ಪಂದ್ಯಗಳಲ್ಲಿ ಕೈಯಾಳು ಸಾಲದೆ ಪರದಾಡುವ ದೋಣಿ ಒಂದಲ್ಲ ಒಂದು ಇರುತ್ತದೆ. ಹಗ್ಗ ಎಳೆಯಲು ಸಿದ್ಧರಿರುವ ಹೊಸಬರಿಗೆ ಜಾಗ ಸಿಗುವುದು ಅಷ್ಟೇನೂ ಕಷ್ಟವಲ್ಲ. ಒಂದು ಋತು ಇನ್ನೊಬ್ಬರ ದೋಣಿಯಲ್ಲಿ ಕಳೆದವರಿಗೆ ತಮಗೆ ಬೇಕಾದದ್ದು ದೋಣಿಯೋ, ಬರಿಯ ಭಾನುವಾರದ ಗಾಳಿಯೋ ಎಂಬುದು ತಿಳಿದುಹೋಗುತ್ತದೆ. ಆಮೇಲೂ ಆಸೆ ಉಳಿದರೆ ಕೊಳ್ಳಲು ಹೋಗಬೇಕಾದದ್ದು ಮೇ ಕೊನೆಯ ವಾರದಲ್ಲಿ. ಅಕ್ಟೋಬರಿನಲ್ಲಿ ಮಾರುವವನಿಗೆ ಇಡೀ ಋತು ಕಣ್ಣಮುಂದಿರುತ್ತದೆ, ಬೆಲೆ ಇಳಿಸುವುದಿಲ್ಲ. ಮೇಯಲ್ಲಿ ಅವನ ಮುಂದಿರುವುದು ಕ್ರೇನಿನ ಬಿಲ್ಲು, ನಾಲ್ಕು ತಿಂಗಳ ಬಾಡಿಗೆ. ದೋಣಿಯೂ ನೀರಿನಿಂದ ಹೊರಗಿರುತ್ತದೆ, ತಳ ಪೂರ್ತಿ ಕಾಣುತ್ತದೆ. ಟ್ರೇಲರ್ ಮತ್ತು ತೆಂಗಿನ ತೋಟದ ಜಾಗ ಮೊದಲೇ ಗೊತ್ತು ಮಾಡಿಕೊಂಡು ಹೋಗಿ.